ಸೋಮವಾರ ಬರುವ ಹೊಟ್ಟೆನೋವು



ನಮ್ಮ ಸಂಘವೊಂದರ ಸದಸ್ಯೆ ಐದನೇ ಕ್ಲಾಸಿನ ಮಗಳ ಹೊಟ್ಟೆನೋವಿಗೆಂದು ಎರಡು ಸಲ ಸಂಘದಲ್ಲಿ ಸಾಲ ತೆಗೆದರು. ಸ್ಕ್ಯಾನಿಂಗ್ ಆಯ್ತು, ರಕ್ತ-ಮೂತ್ರ ಪರೀಕ್ಷೆ ಆಯ್ತು, ದೃಷ್ಟಿ ತೆಗೆದದ್ದೂ ಆಯ್ತು. ರಿಪೋರ್ಟೆಲ್ಲ ನಾರ್ಮಲ್. ಶಾಲೆಗೆ ಹೊರಡುವ ಹೊತ್ತಿಗೆ ಬರುವ ನೋವು ಭಾನುವಾರ ಮಾತ್ರ ಇಲ್ಲ! "ಎಲ್ಲಾ ನಾಟಕ" ಅಂದರು ಅಜ್ಜಿ.

ಅದು ನಾಟಕ ಅಲ್ಲ. ಪರೀಕ್ಷೆಯ ದಿನ, ಗಂಡಿನ ಕಡೆಯವರು ನೋಡಲು ಬಂದ ದಿನ ನಮ್ಮ ಹೊಟ್ಟೆಯೂ ತೊಳಸಿದ್ದು ನೆನಪಿದೆಯಲ್ಲ? ಮೆದುಳಿಗೂ ಕರುಳಿಗೂ ನರಗಳ ಸಂಪರ್ಕವಿದೆ. ಹೆದರಿಕೆ, ಚಿಂತೆ ಹೆಚ್ಚಾದಾಗ ಕರುಳಿನ ಚಲನೆ ಬದಲಾಗುತ್ತದೆ, ಸಣ್ಣ ಸೆಳೆತವೂ ದೊಡ್ಡ ನೋವಾಗುತ್ತದೆ. ಕಾರಣ ಮನಸ್ಸಿನಲ್ಲಿದ್ದರೂ ನೋವು ನಿಜವೇ. ಇಂಗ್ಲೆಂಡಿನ ಮಕ್ಕಳ ವೈದ್ಯ ಜಾನ್ ಆಪ್ಲಿ ಮತ್ತು ಜೊತೆಗಾರರು 1,000 ಶಾಲಾ ಮಕ್ಕಳನ್ನು ನೋಡಿ 1958ರಲ್ಲಿ ಬರೆದ ಪ್ರಕಾರ, ಸುಮಾರು ಹತ್ತು ಮಕ್ಕಳಲ್ಲಿ ಒಬ್ಬರಿಗೆ ಹೀಗೆ ಮತ್ತೆ ಮತ್ತೆ ಹೊಟ್ಟೆನೋವು ಬರುತ್ತಿತ್ತು. ಅವರಲ್ಲಿ ಹೆಚ್ಚಿನವರಿಗೆ ದೇಹದ ರೋಗ ಯಾವುದೂ ಸಿಗಲಿಲ್ಲ.

ಹಾಗಂತ ಡಾಕ್ಟರಿಗೆ ತೋರಿಸದೆ ಇರಬೇಡಿ. ಜಂತುಹುಳ, ಮಲಬದ್ಧತೆ, ಮೂತ್ರದ ಸೋಂಕು ಇರಬಹುದು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ತೂಕ ಇಳಿಯುವುದು, ಮಲದಲ್ಲಿ ರಕ್ತ, ಹಸಿರು ವಾಂತಿ, ಹೊಕ್ಕುಳಿನಿಂದ ದೂರ ಬಲಗಡೆ ಕೆಳಗೆ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಏನೂ ಇಲ್ಲವೆಂದು ಡಾಕ್ಟರು ಹೇಳಿದ ಮೇಲೆ ಮಗುವಿನ ಮಾತು ಕೇಳಬೇಕು. ಪೊಲೀಸರ ಹಾಗೆ ಎದುರು ನಿಲ್ಲಿಸಿ ಕೇಳಿದರೆ ಬಾಯಿ ಬಿಡುವುದಿಲ್ಲ. ತಲೆ ಬಾಚುವಾಗ, ಕಾಳು ಬಿಡಿಸುವಾಗ ತಾನಾಗಿ ಬರುತ್ತದೆ. ಮೇಷ್ಟ್ರ ಏಟು, ಗೆಳತಿಯರ ಅಣಕ, ಯಾರೋ ಕೆಟ್ಟದಾಗಿ ಮುಟ್ಟಿದ್ದು, ಏನೂ ಇರಬಹುದು.

ಆ ಹುಡುಗಿ ಜಡೆ ಹಾಕಿಸಿಕೊಳ್ಳುತ್ತಾ ಹೇಳಿದ್ದು ಇಷ್ಟೇ: "ನಾನು ಶಾಲೆಗೆ ಹೋದ್ರೆ ಅಪ್ಪ ಕುಡ್ದು ಬಂದು ನಿನ್ನ ಹೊಡೀತಾನಲ್ಲ, ಅಮ್ಮಾ." ಮನೆಯಲ್ಲಿದ್ದು ತಾಯಿಯನ್ನು ಕಾಯುತ್ತಿದ್ದಳು. ಮಕ್ಕಳಿಗೆ ಏನೂ ಗೊತ್ತಾಗಲ್ಲ ಅಂತ ನಾವು ಅಂದುಕೊಂಡಿರುತ್ತೇವೆ.

ಆ ತಾಯಿ ವಾರದ ಸಭೆಯಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದರು. ಹಗಲು ಪಕ್ಕದ ಮನೆಯ ಸದಸ್ಯೆ ಜೊತೆಗಿರುತ್ತೇನೆಂದು ಒಪ್ಪಿದರು. ಅದನ್ನು ಮಗಳಿಗೂ ತಿಳಿಸಿದರು. ಟೀಚರಮ್ಮನಿಗೆ ಹೇಳಿ ಮೊದಲು ಅರ್ಧ ದಿನ, ಆಮೇಲೆ ಪೂರ್ತಿ ದಿನ ಶಾಲೆಗೆ ಕಳಿಸಿದರು. ನೋವು ಒಂದೇ ಸಲಕ್ಕೆ ಹೋಗಲಿಲ್ಲ, ಕಡಿಮೆಯಾಗುತ್ತಾ ಬಂತು. ಗಂಡನ ಕುಡಿತ ಇನ್ನೂ ಬಿಟ್ಟಿಲ್ಲ.

ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಬೇಡ. ಮಕ್ಕಳಿಗೆ ಅಪಾಯವಿದ್ದರೆ 1098, ಹೆಂಗಸರಿಗೆ 181. ಸಂಘದ ಪುಸ್ತಕದ ಹಿಂದಿನ ಪುಟದಲ್ಲಿ ಈ ಮೂರೂ ನಂಬರು ಬರೆದಿಡಿ.