ಸಹಿ ಮಾಡುವವರ ಕಣ್ಣಿಗೆ ಬೀಳುವುದು

ಬ್ಲಾಕ್‌ಚೈನ್ ಸೆಕ್ಯುರಿಟಿಯಲ್ಲಿ ಬ್ಯಾಕೆಂಡ್ ಎಂಜಿನಿಯರ್ ಅಂದರೆ ಗೋಕಾಕದ ಕಡೆ ಮುಂದಿನ ಪ್ರಶ್ನೆ ಗ್ಯಾರಂಟಿ: “ಬಿಟ್‌ಕಾಯಿನ್ ಈಗ ತಗೋಬೇಕೇನ್ರಿ?” ನನಗೆ ಗೊತ್ತಿಲ್ಲ, ನನ್ನ ಹತ್ತಿರ ಒಂದೂ ಇಲ್ಲ. ಮೂಡಲಗಿಯ ಮನೆಯಲ್ಲಿ ಕೂತು ನಾನು ಮಾಡುವ ಕೆಲಸವೇ ಬೇರೆ. ಕಂಪನಿಯ ವಾಲೆಟ್‌ನಿಂದ ಹಣ ಹೊರಡುವ ಮೊದಲು ಆ ವಹಿವಾಟನ್ನು ಬಿಚ್ಚಿ ಓದುವ ಪ್ರೋಗ್ರಾಂ ಬರೆಯುತ್ತೇನೆ.

ದೊಡ್ಡ ಕಳ್ಳತನಗಳ ವರದಿ ಓದುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಚೈನಿನ ಗಣಿತಕ್ಕೆ ಕೈ ಹಾಕುವ ಕಳ್ಳರು ಇಲ್ಲವೆಂದೇ ಹೇಳಬಹುದು. ಸಹಿ ಹಾಕುವವರ ಪರದೆ ಅವರಿಗೆ ಸಸ್ತಾ ದಾರಿ. ದೊಡ್ಡ ಮೊತ್ತದ ವಾಲೆಟ್‌ಗಳಿಗೆ ಮಲ್ಟಿಸಿಗ್ ಇರುತ್ತದೆ, ಅಂದರೆ ಹಲವರ ಸಹಿ ಬೀಳದೆ ಹಣ ಅಲುಗದು. ಹುಕ್ಕೇರಿ ತಾಲ್ಲೂಕಿನ ಹಳ್ಳಿಯೊಂದರ ಪತ್ತಿನ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದ ನನ್ನ ಕಾಕಾಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ಅಲ್ಲಿನ ಚೆಕ್ಕಿಗೂ ಇಬ್ಬರ ಸಹಿ. “ಓದಲಾರ್ದ ಸಹಿ ಮಾಡಿದ್ರ ಇಬ್ಬರಿದ್ದರೇನು, ಹತ್ತು ಮಂದಿ ಇದ್ದರೇನು ತಮ್ಮಾ?” ಅಂದರು.

2025ರ ಫೆಬ್ರವರಿ 21ರಂದು ಬೈಬಿಟ್ ಎಂಬ ಕ್ರಿಪ್ಟೋ ವಿನಿಮಯ ಕೇಂದ್ರದಲ್ಲಿ ಆದದ್ದು ಅದೇ. ಸುಮಾರು 4 ಲಕ್ಷ ಈಥರ್ ನಾಣ್ಯ, ಅಂದರೆ ಹತ್ತಿರ ಹತ್ತಿರ 150 ಕೋಟಿ ಡಾಲರ್ ಹೋಯಿತು. ಕಳ್ಳರು ಸೇಫ್ ಎಂಬ ವಾಲೆಟ್ ಸೇವೆಯ ಡೆವಲಪರ್ ಒಬ್ಬರ ಲ್ಯಾಪ್‌ಟಾಪ್ ಮೂಲಕ ಒಳಹೊಕ್ಕು, ಜಾಲತಾಣದ ಜಾವಾಸ್ಕ್ರಿಪ್ಟನ್ನೇ ಬದಲಿಸಿದ್ದರು. ಪರದೆಯಲ್ಲಿ ಮಾಮೂಲಿ ವರ್ಗಾವಣೆ ಕಂಡಿತು, ಸಹಿ ಬಿದ್ದದ್ದು ಮಾತ್ರ ಬೇರೆಯದಕ್ಕೆ.

ಸೇಫ್‌ನ ಪ್ರತಿ ವಹಿವಾಟಿನಲ್ಲಿ ‘ಆಪರೇಷನ್’ ಎಂಬ ಪುಟ್ಟ ಕಾಲಂ ಇರುತ್ತದೆ. ಅದರಲ್ಲಿ 0 ಇದ್ದರೆ ಸಾಧಾರಣ ಕರೆ. 1 ಇದ್ದರೆ ಡೆಲಿಗೇಟ್‌ಕಾಲ್, ಅಂದರೆ ಹೊರಗಿನವರ ಕೋಡ್ ನಮ್ಮ ವಾಲೆಟ್‌ನ ಒಳಗೇ, ನಮ್ಮದೇ ಅಧಿಕಾರದಲ್ಲಿ ಓಡುತ್ತದೆ. ಅಂದು ಅಲ್ಲಿ 1 ಇತ್ತು. ಒಂದೇ ಅಂಕಿ! ಅದಕ್ಕೂ ಏಳು ತಿಂಗಳ ಮೊದಲು, 2024ರ ಜುಲೈ 18ರಂದು, ನಮ್ಮ ದೇಶದ ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ 23 ಕೋಟಿ ಡಾಲರಿಗೂ ಹೆಚ್ಚು ಹೋದದ್ದೂ ಮಲ್ಟಿಸಿಗ್ ವಾಲೆಟ್‌ನಿಂದಲೇ. ಪರದೆಯಲ್ಲಿ ಕಂಡದ್ದಕ್ಕೂ ಸಹಿಯಾದದ್ದಕ್ಕೂ ತಾಳೆಯಿರಲಿಲ್ಲ ಎಂದು ಆ ಕಂಪನಿಯೇ ಹೇಳಿತು.

ಹಾಗಾಗಿ ನಾನು ಬರೆಯುವ ಸರ್ವಿಸ್ ಜಾಲತಾಣದ ಮಾತನ್ನು ಕೇಳುವುದೇ ಇಲ್ಲ. ಸಹಿಗೆ ಬಂದ ಕಚ್ಚಾ ಬೈಟ್‌ಗಳನ್ನು ತಾನೇ ಡಿಕೋಡ್ ಮಾಡುತ್ತದೆ. ಎ9059ಸಿಬಿಬಿ ಎಂದು ಶುರುವಾದರೆ ಟೋಕನ್ ವರ್ಗಾವಣೆ, ಮುಂದೆ ವಿಳಾಸ, ಆಮೇಲೆ ಮೊತ್ತ. ಅದನ್ನು ಬೇರೊಂದು ಯಂತ್ರದಲ್ಲಿ, ಮನುಷ್ಯರು ಓದುವಂತೆ ತೋರಿಸುತ್ತದೆ. ನಾವು ಒಪ್ಪಿದ ವಿಳಾಸಗಳ ಪಟ್ಟಿಯಲ್ಲಿಲ್ಲದ ವಿಳಾಸಕ್ಕೆ ಡೆಲಿಗೇಟ್‌ಕಾಲ್ ಬಂದರೆ ತಡೆದು ನಿಲ್ಲಿಸುತ್ತದೆ. ಇಷ್ಟಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಹಣ ಬರುವುದು ತಡವಾಯಿತೆಂದು ಗ್ರಾಹಕರು ಬೈಯುತ್ತಾರೆ, ಮ್ಯಾನೇಜರು ಅದನ್ನು ನನಗೆ ದಾಟಿಸುತ್ತಾರೆ. ದಾಟಿಸಲಿ, ಆ ತಪಾಸಣೆಯನ್ನು ಮಾತ್ರ ನಾನು ತೆಗೆಯುವವನಲ್ಲ.