ದುಡಿಯುವ ದೇಹ ಮತ್ತು ನಡುವಣ ಬಿಡುವು



ಕಳೆದ ಬೇಸಿಗೆಯಲ್ಲಿ ತುರುವೇಕೆರೆ ಕಡೆಯ ಗ್ರಾಮವೊಂದರಿಂದ ನಲವತ್ತರ ಆಸುಪಾಸಿನ ತಾಯಿಯೊಬ್ಬರು ಉರಿಮೂತ್ರದ ಬಾಧೆಯಿಂದ ನನ್ನ ಚಿಕಿತ್ಸಾಲಯಕ್ಕೆ ಬಂದರು. ಒಂದೇ ವರ್ಷದಲ್ಲಿ ಅದು ಮೂರನೆಯ ಸಲ. ಹಿಂದಿನ ಎರಡು ಬಾರಿಯೂ ಔಷಧದಿಂದ ಶಮನವಾಗಿ ಮತ್ತೆ ಮರುಕಳಿಸಿತ್ತು. ಮೂತ್ರಪರೀಕ್ಷೆಯಲ್ಲಿ ಸೋಂಕು ಕಂಡಿತು. ಸಕ್ಕರೆ ಕಾಯಿಲೆ ಇರಲಿಲ್ಲ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದೆ. ಆಕೆ ತಲೆ ತಗ್ಗಿಸಿ ಹೇಳಿದರು: “ನೀರ್ ಕುಡುದ್ರೆ ಏಳ್ಬೇಕಾಯ್ತದೆ ಡಾಕ್ಟ್ರೇ. ಎದ್ರೆ ಲೆಕ್ಕ ಹೋಯ್ತದೆ.”

ಲೆಕ್ಕವೆಂದರೆ ಕಾಯಿಯ ಲೆಕ್ಕ. ಆಕೆ ತೆಂಗಿನಪುಡಿ ತಯಾರಿಸುವ ಸಣ್ಣ ಘಟಕವೊಂದರಲ್ಲಿ, ಕರಟ ಬಿಡಿಸಿದ ಕಾಯಿಯ ಕಂದು ಸಿಪ್ಪೆಯನ್ನು ಹೆರೆಯುವ ಕೆಲಸದವರು. ಕೂಲಿ ಗಂಟೆಯ ಮೇಲಲ್ಲ, ಹೆರೆದ ಕಾಯಿಯ ಮೇಲೆ. ಬೆಳಗಿನ ಜಾವ 5 ಗಂಟೆಗೆ ಮಣೆಯ ಮೇಲೆ ಕುಳಿತರೆ 11 ಗಂಟೆಯವರೆಗೆ ಏಳುವುದಿಲ್ಲ. ಮಾಲೀಕರ ಮಾತಿನಲ್ಲಿ ಅದು ಅರ್ಧ ದಿನದ ಕೆಲಸ. ಆದುದರಿಂದ ನಡುವೆ ಬಿಡುವಿನ ಪ್ರಶ್ನೆಯೇ ಏಳುವುದಿಲ್ಲ. ಹನ್ನೊಂದಕ್ಕೆ ಮನೆಗೆ ಬಂದು ಉಂಡು, ಮಧ್ಯಾಹ್ನ ಒಂದರಿಂದ ಐದರವರೆಗೆ ಬೇರೊಬ್ಬರ ತೋಟದಲ್ಲಿ ಕೂಲಿ. ಅದೂ ಅರ್ಧ ದಿನದ ಲೆಕ್ಕವೇ. ಎರಡು ಅರ್ಧಗಳು ಕೂಡಿ ದಿನಕ್ಕೆ 10 ಗಂಟೆ, ವಾರಕ್ಕೆ ಆರು ದಿನವೆಂದರೆ 60 ಗಂಟೆ. ಅಡುಗೆ, ದನಕರು, ಮಕ್ಕಳ ಆರೈಕೆ ಈ ಲೆಕ್ಕದ ಹೊರಗೆ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಂಥ ಅರೆದಿನದ ದುಡಿಮೆ ಅಪರೂಪವಲ್ಲ. ಕಾಯಿ ಸುಲಿಯುವವರು, ಅಟ್ಟದಿಂದ ಇಳಿಸಿದ ಕೊಬ್ಬರಿಯ ಕರಟ ಬಿಡಿಸುವವರು, ನಾರಿನ ಘಟಕಗಳಲ್ಲಿ ದುಡಿಯುವವರು, ಪೇಟೆಯ ಅಂಗಡಿಗಳಲ್ಲಿ ಬೆಳಗಿನ ಪಾಳಿಗೆ ಮಾತ್ರ ಬರುವ ಹೆಣ್ಣುಮಕ್ಕಳು, ಎಲ್ಲರೂ ಈ ಸಾಲಿಗೆ ಸೇರುತ್ತಾರೆ. ಇವರ ಪೈಕಿ ನನ್ನಲ್ಲಿಗೆ ಬರುವವರಲ್ಲಿ ಮೂತ್ರದ ಉರಿ, ಮಲಬದ್ಧತೆ, ಆಮ್ಲಪಿತ್ತ, ಸೊಂಟನೋವು ಇವೇ ಮತ್ತೆ ಮತ್ತೆ ಕಾಣುತ್ತವೆ. ಔಷಧ ಬರೆದುಕೊಡುವುದು ಸುಲಭ. ಆದರೆ ರೋಗದ ಮೂಲವು ಕೆಲಸದ ವೇಳಾಪಟ್ಟಿಯಲ್ಲಿ ಕುಳಿತಿರುವಾಗ ಔಷಧವೊಂದೇ ಏನು ಮಾಡೀತು?

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯಕ್ಕೆ ‘ನವೇಗಾನ್ಧಾರಣೀಯ’ ಎಂದು ಹೆಸರು. ತಡೆಯಬಾರದ ವೇಗಗಳ ವಿಚಾರ ಎಂದರ್ಥ. ದೇಹದಲ್ಲಿ ಸಹಜವಾಗಿ ಹುಟ್ಟುವ 13 ವೇಗಗಳನ್ನು ಅಲ್ಲಿ ಎಣಿಸಲಾಗಿದೆ. ಮೂತ್ರ, ಮಲ, ಹಸಿವು, ಬಾಯಾರಿಕೆ, ನಿದ್ರೆ ಇವು ಎಲ್ಲರಿಗೂ ತಿಳಿದವು. ಆದರೆ ಆ ಪಟ್ಟಿಯ ಕೊನೆಯಲ್ಲಿ ಒಂದು ವಿಶೇಷವಾದ ವೇಗವಿದೆ: ಶ್ರಮದಿಂದ ಹುಟ್ಟುವ ಏದುಸಿರು. ದುಡಿದಾಗ ಉಸಿರು ಏರುವುದು, ಅದು ಇಳಿಯುವವರೆಗೆ ದೇಹ ಸುಮ್ಮನಿರಲು ಬಯಸುವುದು, ಇದೂ ಹಸಿವು ನೀರಡಿಕೆಗಳಂತೆಯೇ ಒಂದು ವೇಗವೆಂದು ನಮ್ಮ ಆಚಾರ್ಯರು ಪರಿಗಣಿಸಿದರು. ಅದನ್ನು ಬಲವಂತವಾಗಿ ತಡೆದರೆ ಗುಲ್ಮ, ಹೃದ್ರೋಗ, ಮೂರ್ಛೆ ಉಂಟಾಗುತ್ತವೆಂದೂ, ಅದಕ್ಕೆ ಚಿಕಿತ್ಸೆ ವಿಶ್ರಾಂತಿ ಮತ್ತು ವಾತಶಾಮಕ ಉಪಚಾರವೆಂದೂ ಹೇಳಿದ್ದಾರೆ. ವಿದ್ಯಾರ್ಥಿಯಾಗಿದ್ದಾಗ ಈ ಅಧ್ಯಾಯವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆ. ನೆಲಕ್ಕೆ ನೆಟ್ಟ ಹಾರೆಯ ಮುಂದೆ ಬಾಗಿ ಸಾವಿರದ ಲೆಕ್ಕದಲ್ಲಿ ಕಾಯಿ ಸುಲಿಯುವವರನ್ನು ಹತ್ತಿರದಿಂದ ಕಂಡ ಮೇಲೆಯೇ ಅದರ ಅರ್ಥ ನನಗೆ ತಿಳಿದದ್ದು.

ಮೂತ್ರವೇಗವನ್ನು ತಡೆದರೆ ಬಸ್ತಿಯಲ್ಲಿ ನೋವು, ಕಷ್ಟಮೂತ್ರ, ತಲೆನೋವು ಬರುವುದಾಗಿ ಅದೇ ಅಧ್ಯಾಯ ಹೇಳುತ್ತದೆ. ಹಸಿವನ್ನು ತಡೆದರೆ ಕೃಶತೆ, ಮೈನೋವು, ಅರುಚಿ, ತಲೆಸುತ್ತು. ಆಧುನಿಕ ವೈದ್ಯಶಾಸ್ತ್ರದ ವಿವರಣೆಯೂ ಇದಕ್ಕೆ ವಿರುದ್ಧವಾಗಿಲ್ಲ. ಮೂತ್ರಕೋಶದಲ್ಲಿ ಮೂತ್ರ ಗಂಟೆಗಟ್ಟಲೆ ನಿಂತರೆ ರೋಗಾಣುಗಳು ವೃದ್ಧಿಯಾಗಲು ಸಮಯ ಸಿಗುತ್ತದೆ. ಸ್ತ್ರೀಯರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ ಉದ್ದವಿರುವುದರಿಂದ ಸೋಂಕು ಬೇಗ ಮೇಲೇರುತ್ತದೆ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಕಲ್ಲು ಕಟ್ಟುವ ಸಾಧ್ಯತೆಯೂ ಹೆಚ್ಚು.

ಆಹಾರದ ವಿಷಯದಲ್ಲಿ ವೈದ್ಯಪರಂಪರೆಯ ಒಂದು ಅಳತೆಯಿದೆ. ಒಂದು ಯಾಮವೆಂದರೆ 3 ಗಂಟೆ. ಉಂಡ ಬಳಿಕ ಒಂದು ಯಾಮದೊಳಗೆ ಮತ್ತೆ ಉಣ್ಣಬಾರದು, ಎರಡು ಯಾಮ ಮೀರಿ ಉಪವಾಸವಿರಲೂ ಬಾರದು. ಅಂದರೆ 6 ಗಂಟೆಯೇ ಹೊರಗಡಿ. ಕಾರ್ಮಿಕ ಕಾನೂನನ್ನು ರೂಪಿಸಿದವರು ಆಯುರ್ವೇದವನ್ನು ನೋಡಿ ಬರೆದವರಲ್ಲ. ಆದರೂ ಅವರ ಅಳತೆ ಇದರ ಸಮೀಪಕ್ಕೇ ಬಂದು ನಿಂತಿದೆ.

ಕಾನೂನು ಏನು ಹೇಳುತ್ತದೆ

ಬಿಡುವು ಎಂಬುದು ಮಾಲೀಕರ ಔದಾರ್ಯದಿಂದ ಬಂದದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರ ಪರವಾಗಿ ನಾರಾಯಣ ಮೇಘಾಜಿ ಲೋಖಂಡೆ ಅವರು 1884ರಿಂದ ವಾರದ ರಜೆ ಮತ್ತು ನಡುಹಗಲಿನ ಬಿಡುವಿಗಾಗಿ ಒತ್ತಾಯಿಸಿದರು. 1891ರ ಕಾರ್ಖಾನೆ ಕಾಯ್ದೆಯಲ್ಲಿ ಮಧ್ಯಾಹ್ನ ಅರ್ಧ ಗಂಟೆಯ ವಿರಾಮಕ್ಕೆ ಸ್ಥಾನ ದೊರೆಯಿತು. ವಾರಕ್ಕೆ 48 ಗಂಟೆಯೆಂಬ ಮಿತಿ ಬಂದದ್ದು 1946ರಲ್ಲಿ, ಡಾ. ಬಿ.ಆರ್. ಅಂಬೇಡ್ಕರ್ ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊಂದಿದ್ದ ಕಾಲದಲ್ಲಿ. ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆಗಳ ಕಾಯ್ದೆಯು ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿಯನ್ನು ಇಟ್ಟು, ಸತತವಾಗಿ 5 ಗಂಟೆ ದುಡಿಯುವುದರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂದು ವಿಧಿಸಿತು. ಅಂಗಡಿ, ಕಚೇರಿ, ಹೋಟೆಲುಗಳಿಗೆ ಅನ್ವಯಿಸುವ 1961ರ ಕರ್ನಾಟಕದ ಕಾಯ್ದೆ ಇನ್ನೂ ಉದಾರವಾಗಿದೆ: 5 ಗಂಟೆಗೆ ಒಂದು ಗಂಟೆಯ ಬಿಡುವು.

2023ರಲ್ಲಿ ನಮ್ಮ ರಾಜ್ಯವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು, ಬಿಡುವಿಲ್ಲದ ಅವಧಿಯನ್ನು 6 ಗಂಟೆಗೆ ಏರಿಸಲು ಅವಕಾಶ ಮಾಡಿಕೊಟ್ಟಿತು. ವೈದ್ಯನಾಗಿ ಇದು ನನಗೆ ಸಮ್ಮತವಲ್ಲ. ವಾರದ ಮೊತ್ತ ಅಷ್ಟೇ ಇದ್ದರೂ ದೇಹವು ವಾರದ ಲೆಕ್ಕದಲ್ಲಿ ದಣಿಯುವುದಿಲ್ಲ, ದಿನದ ಲೆಕ್ಕದಲ್ಲಿ ದಣಿಯುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೇಂದ್ರದ ಹೊಸ ಸಂಹಿತೆಯಲ್ಲಿ ದಿನದ ಕೆಲಸ 8 ಗಂಟೆಯೆಂದಿದೆ. ಆದರೆ ಯಾವುದು ಕಾರ್ಖಾನೆ ಎಂಬ ವ್ಯಾಖ್ಯೆ ಬದಲಾಗಿದೆ. ಹಿಂದೆ ವಿದ್ಯುತ್ ಬಳಸುವ ಕಡೆ 10 ಮಂದಿ, ಬಳಸದ ಕಡೆ 20 ಮಂದಿ ಇದ್ದರೆ ಕಾರ್ಖಾನೆ. ಈಗ ಆ ಸಂಖ್ಯೆಗಳು 20 ಮತ್ತು 40. ನಮ್ಮ ಸೀಮೆಯ ಹತ್ತು ಹದಿನೈದು ಮಂದಿಯ ಘಟಕಗಳು ಈ ವ್ಯಾಖ್ಯೆಯಿಂದ ಹೊರಗುಳಿಯುತ್ತವೆ.

ಇನ್ನು ಅರೆದಿನದ ಕೆಲಸಗಾರರ ಪ್ರಶ್ನೆ. ಬಿಡುವಿನ ಮಟ್ಟಿಗೆ ಈ ಕಾಯ್ದೆಗಳು ಪೂರ್ಣಾವಧಿ, ಅರೆಕಾಲಿಕ ಎಂದು ಭೇದ ಮಾಡಿಲ್ಲ. ಸತತವಾಗಿ ಎಷ್ಟು ಗಂಟೆ ಎಂಬುದನ್ನಷ್ಟೇ ನೋಡಿವೆ. ಆದ್ದರಿಂದ ‘ನೀವು ಹಾಫ್ ಡೇ, ನಿಮಗೆ ಬಿಡುವಿಲ್ಲ’ ಎಂಬ ಮಾತಿಗೆ ಆಧಾರವಿಲ್ಲ. ನಾಲ್ಕು ಗಂಟೆ ಮಾತ್ರ ದುಡಿಯುವವರಿಗೆ ವಿರಾಮದ ಹಕ್ಕು ಹುಟ್ಟದಿರಬಹುದು. ಆದರೆ ಕುಡಿಯುವ ನೀರು ಮತ್ತು ಶೌಚಾಲಯಕ್ಕೆ ಗಂಟೆಯ ಲೆಕ್ಕವೇ ಇಲ್ಲ. ಸ್ತ್ರೀ ಪುರುಷರಿಗೆ ಪ್ರತ್ಯೇಕ ಶೌಚಾಲಯವಿರಬೇಕು, ನೀರಿನ ತಾಣವು ಶೌಚದ ಸ್ಥಳದಿಂದ ಕನಿಷ್ಠ 6 ಮೀಟರ್ ದೂರವಿರಬೇಕು ಎಂಬಷ್ಟು ಸೂಕ್ಷ್ಮವಾಗಿ 1948ರ ಕಾಯ್ದೆಯೇ ಬರೆದಿತ್ತು. ದಿನಗೂಲಿಗೆ ಬಂದವರಿಗೆ ಮಾಲೀಕರೇ ಕೆಲಸ ಕೊಡಲಾಗದೆ ಬೇಗ ಕಳುಹಿಸಿದರೆ ಪೂರ್ಣ ದಿನದ ಕನಿಷ್ಠ ವೇತನ ಸಲ್ಲಬೇಕೆಂಬ ನಿಯಮವೂ ಉಂಟು. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿದ್ದ ಅದು 2019ರ ವೇತನ ಸಂಹಿತೆಯಲ್ಲಿಯೂ ಮುಂದುವರಿದಿದೆ. ಹಾಲುಣಿಸುವ ತಾಯಿಗೆ ಮಗು 15 ತಿಂಗಳಾಗುವವರೆಗೆ, ಸಾಮಾನ್ಯ ಬಿಡುವಿನ ಜೊತೆಗೆ, ದಿನಕ್ಕೆ ಎರಡು ವಿರಾಮಗಳನ್ನು ಹೆರಿಗೆ ಸೌಲಭ್ಯದ ಕಾನೂನು ನೀಡಿದೆ.

ಒಂದು ಅಂಕಿಯನ್ನು ಇಲ್ಲಿ ಗಮನಕ್ಕೆ ತರಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದಾಗ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟೂ ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟೂ ಹೆಚ್ಚು. ಆ ತಾಯಿಯ ಎರಡು ‘ಅರ್ಧ ದಿನ’ಗಳ ಮೊತ್ತ 60 ಗಂಟೆಯೆಂಬುದನ್ನು ನೆನೆಯಿರಿ. ಯಾವ ಮಾಲೀಕರ ಪುಸ್ತಕದಲ್ಲಿಯೂ ಆ 60 ಕಾಣುವುದಿಲ್ಲ.

ಕಾಯಕನಿಷ್ಠೆ ಇದ್ದವರಿಗೆ ವಿಶ್ರಾಂತಿಯ ಚಿಂತೆ ಏಕೆ ಎಂದು ಹಿರಿಯರೊಬ್ಬರು ಮಠದ ಅಂಗಳದಲ್ಲಿ ನನ್ನನ್ನು ಕೇಳಿದ್ದುಂಟು. ಕಾಯಕ ನಡೆಯಬೇಕಾದದ್ದು ಕಾಯದಿಂದಲೇ ಅಲ್ಲವೇ ಎಂದಷ್ಟೇ ಹೇಳಿದೆ. ಅವರು ನಕ್ಕು ಸುಮ್ಮನಾದರು.

ಅನ್ಯರಿಗೆ ಬೋಧಿಸುವ ಮೊದಲು ನನ್ನ ತಪ್ಪನ್ನೂ ಹೇಳಬೇಕು. ನನ್ನ ಚಿಕಿತ್ಸಾಲಯದಲ್ಲಿ ಔಷಧ ಕಟ್ಟಿಕೊಡುವ ಹೆಣ್ಣುಮಗಳು ಬೆಳಿಗ್ಗೆ 9ರಿಂದ 2ರವರೆಗೆ ಮಾತ್ರ ಬರುತ್ತಾಳೆ. ಪಾರ್ಟ್ ಟೈಮ್ ಎಂದು ನಾನೇ ಹೇಳಿ ಸೇರಿಸಿಕೊಂಡದ್ದು. ಸೋಮವಾರಗಳಂದು ರೋಗಿಗಳು ಹೆಚ್ಚಾಗಿ 3 ಗಂಟೆ ದಾಟುವುದು ವಾಡಿಕೆಯಾಗಿತ್ತು. ತುರುವೇಕೆರೆಯ ತಾಯಿಗೆ ಉಪದೇಶ ಮಾಡಿದ ದಿನವೇ ಸಂಜೆ ಈಕೆ ಹಿಂಜರಿಯುತ್ತ, “ಸಾರ್, ನನಗೂ ಅದೇ ತೊಂದರೆ ಇದೆ” ಎಂದಳು. ಆರು ವರ್ಷ ನನ್ನ ಎದುರಿಗೇ ಕುಳಿತಿದ್ದವಳ ನೋವು ನನ್ನ ಗಮನಕ್ಕೆ ಬಂದಿರಲಿಲ್ಲ. ಅಂದಿನಿಂದ 11.30ಕ್ಕೆ ಕಾಲು ಗಂಟೆ ಬಾಗಿಲು ಎಳೆಯುತ್ತೇವೆ. ಕಾಯುವವರು ಗೊಣಗುತ್ತಾರೆ. 2 ಗಂಟೆ ಮೀರಿದರೆ ಅರ್ಧ ಗಂಟೆಯ ಊಟದ ಬಿಡುವು, ಮೀರಿದ ಅವಧಿಗೆ ಪ್ರತ್ಯೇಕ ಹಣ.

ದುಡಿಯುವವರು ಪಾಲಿಸಬೇಕಾದದ್ದು

ಕೆಲಸಕ್ಕೆ ಹೊರಡುವ ಮೊದಲು ಬರಿಹೊಟ್ಟೆಯಲ್ಲಿ ಹೋಗಬಾರದು. ರಾಗಿ ಅಂಬಲಿಯೋ ಮಜ್ಜಿಗೆ ಅನ್ನವೋ ಸ್ವಲ್ಪವಾದರೂ ಇರಲಿ. ನೀರನ್ನು ಒಮ್ಮೆಲೇ ಕುಡಿಯದೆ ಗಂಟೆಗೊಮ್ಮೆ ಗುಟುಕು ಗುಟುಕಾಗಿ ಕುಡಿಯಬೇಕು. ಜೀರಿಗೆ ಅಥವಾ ಕೊತ್ತಂಬರಿ ಬೀಜ ಹಾಕಿ ಕಾಯಿಸಿ ಆರಿಸಿದ ನೀರು ಮೂತ್ರದ ಉರಿಗೆ ಹಿತಕರ. ಎಳನೀರು ಒಳ್ಳೆಯದೇ, ಆದರೆ ಮೂತ್ರಪಿಂಡದ ಕಾಯಿಲೆಯಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಮೂರು ಗಂಟೆಗೊಮ್ಮೆಯಾದರೂ ಮೂತ್ರವಿಸರ್ಜನೆ ಮಾಡಬೇಕು. ಎದ್ದಾಗ ಸೊಂಟವನ್ನು ಹಿಂದಕ್ಕೆ ನಾಲ್ಕಾರು ಬಾರಿ ಚಾಚಿದರೆ ಬೆನ್ನಿನ ಬಿಗಿತ ಸಡಿಲವಾಗುತ್ತದೆ. ನಾರಿನ ಧೂಳಿನಲ್ಲಿ ದುಡಿಯುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಬಿಡುವಿನಲ್ಲಿ ಬಾಯಿ ಮುಕ್ಕಳಿಸಬೇಕು. ಚಳಿಜ್ವರ, ಪಕ್ಕೆಯ ಕೆಳಗೆ ನೋವು, ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಗರ್ಭಿಣಿಯಾಗಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಘಟಕಗಳನ್ನು ನಡೆಸುವ ಭಕ್ತರೂ ಈ ಪತ್ರಿಕೆಯನ್ನು ಓದುತ್ತೀರೆಂದು ಬಲ್ಲೆ. ನಿಮ್ಮಲ್ಲಿ ಒಂದು ವಿನಂತಿ. ಲೆಕ್ಕದ ಕೂಲಿಯಲ್ಲಿ ಒಬ್ಬರೇ ಎದ್ದರೆ ಅವರಿಗೆ ಮಾತ್ರ ನಷ್ಟ, ಪಕ್ಕದವರ ರಾಶಿ ಬೆಳೆಯುತ್ತಿರುತ್ತದೆ. ಅದಕ್ಕಾಗಿಯೇ ಯಾರೂ ಏಳುವುದಿಲ್ಲ. ಗಂಟೆ ಬಾರಿಸಿ ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿ. ಆ ಹೊತ್ತಿನ ಕೂಲಿಯನ್ನು ಸರಾಸರಿಯ ಮೇಲೆ ಸೇರಿಸಿಕೊಡಿ. ಕಾಯ್ದೆ ನಿಮ್ಮ ಘಟಕಕ್ಕೆ ಅನ್ವಯಿಸುವುದೋ ಇಲ್ಲವೋ ಎಂಬುದು ಬೇರೆ ಮಾತು.

ಆ ತಾಯಿ ದುಡಿಯುವ ಘಟಕದ ಮಾಲೀಕರು ಪರಿಚಿತರೇ ಆದುದರಿಂದ ಇಷ್ಟನ್ನೂ ಅವರಿಗೆ ಮುಖತಃ ಹೇಳಿದೆ. ಎರಡು ತಿಂಗಳ ಬಳಿಕ ಆಕೆ ಮತ್ತೆ ಬಂದಿದ್ದರು, ಮೊಮ್ಮಗುವಿನ ಕೆಮ್ಮಿಗಾಗಿ. ಈಗ 8 ಗಂಟೆಗೆ ಗಂಟೆ ಬಾರಿಸುತ್ತಾರಂತೆ. ಇಪ್ಪತ್ತು ನಿಮಿಷ ಎಲ್ಲರೂ ಏಳುತ್ತಾರಂತೆ. ಉರಿ ಮರುಕಳಿಸಿಲ್ಲ. ಆ ಹೊತ್ತಿನ ಕೂಲಿಯ ಮಾತು ಇನ್ನೂ ತೀರ್ಮಾನವಾಗಿಲ್ಲ, ಶೌಚಾಲಯದ ಬಾಗಿಲಿಗೆ ಚಿಲಕವೂ ಬಂದಿಲ್ಲ. ಅಮಾವಾಸ್ಯೆಯ ಪೂಜೆಗೆ ಮಾಲೀಕರು ಮಠಕ್ಕೆ ಬಂದಾಗ ಎರಡನ್ನೂ ಕೇಳಬೇಕೆಂದಿದ್ದೇನೆ.