ದೊಡ್ಡ ಕರುಳಿನ ಕ್ಯಾನ್ಸರಿಗೆ ಮದ್ದುಂಟು



ನಾವು ಹೆಂಗಸರು ಮೈಯ ಎಷ್ಟೋ ಕಷ್ಟಗಳನ್ನು ಬಾಯಿಬಿಟ್ಟು ಹೇಳೋದಿಲ್ಲ. ಅದರಲ್ಲೂ ಕಕ್ಕಸಿನ ವಿಷಯ ಅಂದರೆ ತೀರಾ ನಾಚಿಕೆ. ಗಂಡನಿಗೂ ಹೇಳೋದಿಲ್ಲ. ಮಗಳಿಗೂ ಹೇಳೋದಿಲ್ಲ. ಮಲದ ಜೊತೆ ರಕ್ತ ಹೋದರೆ "ಉಷ್ಣ ಆಗಿದೆ" ಅಂತೀವಿ. "ಮೂಲವ್ಯಾಧಿ ಇರಬೇಕು" ಅಂತ ಸುಮ್ಮನಾಗ್ತೀವಿ.

ಎಷ್ಟೋ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ಕೆಲವು ಸಲ ಅದು ದೊಡ್ಡ ಕರುಳಿನ ಕ್ಯಾನ್ಸರ್ ಆಗಿರಬಹುದು. ಡಾಕ್ಟರು ನೋಡದೆ ಯಾವುದು ಅಂತ ಹೇಗೆ ಗೊತ್ತಾಗಬೇಕು? ಬನ್ನಿ, ಈ ಕಾಯಿಲೆ ಏನು, ಅದಕ್ಕೆ ಏನೇನು ಚಿಕಿತ್ಸೆ ಇದೆ ಅಂತ ತಿಳಿಯೋಣ.

ಕರುಳಿನೊಳಗೆ ಏನಾಗುತ್ತದೆ?

ನಾವು ಉಂಡದ್ದು ಹೊಟ್ಟೆಯಿಂದ ಸಣ್ಣ ಕರುಳಿಗೆ ಹೋಗುತ್ತದೆ. ಅಲ್ಲಿಂದ ದೊಡ್ಡ ಕರುಳಿಗೆ ಬರುತ್ತದೆ. ದೊಡ್ಡ ಕರುಳು ಸುಮಾರು 5 ಅಡಿ ಉದ್ದ. ಅದು ನೀರನ್ನು ಹೀರಿಕೊಂಡು ಮಲವನ್ನು ಗಟ್ಟಿ ಮಾಡುತ್ತದೆ. ಅದರ ಕೊನೆಯ ಭಾಗಕ್ಕೆ ಗುದನಾಳ ಎನ್ನುತ್ತಾರೆ.

ಕೆಲವರಿಗೆ ಕರುಳಿನ ಒಳಗೋಡೆಯಲ್ಲಿ ಸಣ್ಣ ಗಂಟು ಏಳುತ್ತದೆ. ಎಲ್ಲಾ ಗಂಟೂ ಕ್ಯಾನ್ಸರ್ ಆಗೋದಿಲ್ಲ. ಆಗುವ ಗಂಟಿಗೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಅಷ್ಟರೊಳಗೆ ಗಂಟನ್ನು ತೆಗೆದುಬಿಟ್ಟರೆ ಅದು ಕ್ಯಾನ್ಸರ್ ಆಗುವುದೇ ಇಲ್ಲ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

• ಮಲದಲ್ಲಿ ರಕ್ತ ಕಂಡರೆ.
• ಮೂರು ವಾರ ಕಳೆದರೂ ಭೇದಿ ಅಥವಾ ಮಲಬದ್ಧತೆ ನಿಲ್ಲದಿದ್ದರೆ.
• ಹೋಗಿ ಬಂದರೂ ಇನ್ನೂ ಪೂರ್ತಿ ಆಗಲಿಲ್ಲ ಅನ್ನಿಸುತ್ತಿದ್ದರೆ.
• ಕಾರಣವಿಲ್ಲದೆ ತೂಕ ಇಳಿದರೆ, ರಕ್ತ ಕಡಿಮೆಯಾಗಿ ಸುಸ್ತಾದರೆ.

ಡಾಕ್ಟರು ಗುದದ್ವಾರವನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಬೇಕಾದರೆ ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳನೆಯ ಕೊಳವೆ ಹಾಕಿ ಕರುಳಿನ ಒಳಗೆ ನೋಡುತ್ತಾರೆ. ಅನುಮಾನ ಬಂದ ಕಡೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. "ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ" ಅಂತ ಕೆಲವರು ಹೆದರಿಸುತ್ತಾರೆ. ಅದನ್ನು ನಂಬಬೇಡಿ. ಚೂರು ನೋಡದೆ ಕಾಯಿಲೆ ಯಾವುದು ಅಂತ ಖಚಿತವಾಗುವುದಿಲ್ಲ.

ನಾಲ್ಕು ಹಂತಗಳು

ಹೊಲದ ಕಳೆ ನಮಗೆಲ್ಲ ಗೊತ್ತು. ಬೀಜ ಉದುರುವ ಮೊದಲೇ ಕಿತ್ತರೆ ಕೆಲಸ ಹಗುರ. ಪಕ್ಕದ ಹೊಲಕ್ಕೂ ಹಬ್ಬಿದರೆ ಕಷ್ಟ. ಕ್ಯಾನ್ಸರೂ ಹಾಗೆಯೇ.

ಒಂದು ಮತ್ತು ಎರಡನೇ ಹಂತದಲ್ಲಿ ಅದು ಕರುಳಿನ ಗೋಡೆಯಲ್ಲಿ, ಇಲ್ಲವೇ ಅದರ ಪಕ್ಕದಲ್ಲೇ ಇರುತ್ತದೆ. ಮೂರನೇ ಹಂತದಲ್ಲಿ ಹತ್ತಿರದ ದುಗ್ಧರಸ ಗ್ರಂಥಿಗಳಿಗೆ ಹೋಗಿರುತ್ತದೆ. ನಾಲ್ಕನೇ ಹಂತದಲ್ಲಿ ಈಲಿ, ಶ್ವಾಸಕೋಶದಂಥ ದೂರದ ಅಂಗಗಳಿಗೆ ಹರಡಿರುತ್ತದೆ.

ಏನೇನು ಚಿಕಿತ್ಸೆ ಇದೆ?

ಆಪರೇಷನ್: ಇದೇ ಮುಖ್ಯ ಚಿಕಿತ್ಸೆ. ಕೆಟ್ಟ ಭಾಗವನ್ನೂ ಅದರ ಸುತ್ತಲಿನ ಗ್ರಂಥಿಗಳನ್ನೂ ತೆಗೆದು, ಉಳಿದ ಕರುಳನ್ನು ಜೋಡಿಸುತ್ತಾರೆ. ಒಂದನೇ ಹಂತದಲ್ಲಿ ಸಾಮಾನ್ಯವಾಗಿ ಇಷ್ಟೇ ಸಾಕು.

ಕಿಮೋ: ಇದು ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಿ. ಡ್ರಿಪ್ಪಿನಲ್ಲಿ ಅಥವಾ ಮಾತ್ರೆಯಲ್ಲಿ ಕೊಡುತ್ತಾರೆ. ಮೂರನೇ ಹಂತದವರಿಗೆ ಆಪರೇಷನ್ ಆದ ಮೇಲೆ 3ರಿಂದ 6 ತಿಂಗಳು ಬೇಕಾಗುತ್ತದೆ. ವಾಕರಿಕೆ, ಭೇದಿ, ಸುಸ್ತು ಬರಬಹುದು. ಕೆಲವು ಔಷಧಿಯಿಂದ ಕೈಕಾಲು ಜೋಮು ಹಿಡಿಯುತ್ತದೆ, ತಣ್ಣೀರು ಮುಟ್ಟಿದರೆ ಚುಚ್ಚಿದಂತಾಗುತ್ತದೆ. ಇದನ್ನು ಸಹಿಸಿಕೊಂಡು ಸುಮ್ಮನಿರಬೇಡಿ. ಡಾಕ್ಟರಿಗೆ ಹೇಳಿದರೆ ಔಷಧಿಯ ಪ್ರಮಾಣ ಬದಲಾಯಿಸುತ್ತಾರೆ. ಜ್ವರ ಬಂದರಂತೂ ಅದೇ ದಿನ ಆಸ್ಪತ್ರೆಗೆ ಹೋಗಿ.

ರೇಡಿಯೇಷನ್: ನಮ್ಮ ಜನ ಇದಕ್ಕೆ "ಕರೆಂಟ್ ಕೊಡೋದು" ಅಂತಾರೆ. ಇದರಲ್ಲಿ ಶಾಕ್ ಹೊಡೆಯೋದಿಲ್ಲ. ಕಿರಣ ಬೀಳುವಾಗ ನೋವೂ ಇರೋದಿಲ್ಲ. ಗುದನಾಳದ ಕ್ಯಾನ್ಸರಿಗೆ ಆಪರೇಷನ್ನಿಗೆ ಮೊದಲೇ ಇದನ್ನು ಕೊಡುವುದುಂಟು. ಗಡ್ಡೆ ಕುಗ್ಗುತ್ತದೆ. ವಾರಕ್ಕೆ 5 ದಿನದಂತೆ ಸುಮಾರು 5 ವಾರ ಕೊಡುವುದು ಒಂದು ಕ್ರಮ. ಮಕ್ಕಳಾಗಬೇಕು ಅನ್ನುವವರು ಶುರುವಾಗುವ ಮುಂಚೆಯೇ ಡಾಕ್ಟರಿಗೆ ಹೇಳಬೇಕು. ಹೊಟ್ಟೆಯ ಕೆಳಭಾಗಕ್ಕೆ ಕಿರಣ ಬಿದ್ದರೆ ಅಂಡಾಶಯಕ್ಕೂ ಗರ್ಭಕೋಶಕ್ಕೂ ಪೆಟ್ಟಾಗುತ್ತದೆ.

ಹೊಟ್ಟೆಯ ಮೇಲಿನ ಚೀಲ

ಕೆಲವರಿಗೆ ಹೊಟ್ಟೆಯ ಮೇಲೆ ದಾರಿ ಮಾಡಿ, ಮಲ ಹೋಗಲು ಚೀಲ ಅಂಟಿಸುತ್ತಾರೆ. "ಚೀಲ ಹಾಕ್ತಾರಂತೆ, ಆಪರೇಷನ್ನೇ ಬೇಡ" ಅಂತ ಎದ್ದು ಬರುವವರಿದ್ದಾರೆ. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಆಪರೇಷನ್ ಬಿಟ್ಟರೆ ಗಡ್ಡೆ ಬೆಳೆಯುತ್ತಲೇ ಇರುತ್ತದೆ.

ಎಷ್ಟೋ ಜನಕ್ಕೆ ಚೀಲ ಕೆಲವು ತಿಂಗಳಷ್ಟೇ. ಒಳಗಿನ ಜೋಡಣೆ ಗಟ್ಟಿಯಾದ ಮೇಲೆ ಮತ್ತೆ ಮೊದಲಿನ ದಾರಿ ಮಾಡುತ್ತಾರೆ. ಗಡ್ಡೆ ಗುದದ್ವಾರಕ್ಕೆ ತೀರಾ ಹತ್ತಿರವಿದ್ದರೆ ಮಾತ್ರ ಚೀಲ ಕಾಯಂ ಆಗಬಹುದು. ಚೀಲ ಖಾಲಿ ಮಾಡುವುದು, ತೊಳೆಯುವುದು, ಬದಲಿಸುವುದು ಎಲ್ಲವನ್ನೂ ನರ್ಸ್ ಕಲಿಸುತ್ತಾರೆ. ಚೀಲ ಇಟ್ಟುಕೊಂಡೇ ಸೀರೆ ಉಡಬಹುದು, ಅಡಿಗೆ ಮಾಡಬಹುದು, ಮದುವೆ ಮನೆಗೂ ಹೋಗಬಹುದು. ತೀರಾ ಭಾರ ಎತ್ತುವುದು ಮಾತ್ರ ಬೇಡ.

ಗುಣವಾಗುತ್ತದೆಯೇ?

ಇದೇ ಎಲ್ಲರ ಪ್ರಶ್ನೆ. ಅಮೆರಿಕದಲ್ಲಿ ಇಟ್ಟಿರುವ ಲೆಕ್ಕ ಹೀಗಿದೆ. ಕ್ಯಾನ್ಸರ್ ಕರುಳಿನಲ್ಲೇ ಇರುವಾಗ ಸಿಕ್ಕರೆ, 100 ಜನರಲ್ಲಿ ಸುಮಾರು 90 ಜನ ಐದು ವರ್ಷ ಕಳೆದರೂ ಬದುಕಿರುತ್ತಾರೆ. ಹತ್ತಿರದ ಗ್ರಂಥಿಗಳಿಗೆ ಹೋಗಿದ್ದರೆ 70ಕ್ಕಿಂತ ತುಸು ಹೆಚ್ಚು ಜನ. ದೂರಕ್ಕೆ ಹರಡಿದ್ದರೆ ಸುಮಾರು 15 ಜನ. ನಮ್ಮ ದೇಶದಲ್ಲಿ ಬಹಳ ಜನ ತಡವಾಗಿ ಆಸ್ಪತ್ರೆಗೆ ಬರುತ್ತಾರೆ. ಅದೇ ನಮಗೆ ದೊಡ್ಡ ಏಟು.

ನಾಲ್ಕನೇ ಹಂತ ಅಂದ ತಕ್ಷಣ ಕೈಚೆಲ್ಲಬೇಕಿಲ್ಲ. ಈಲಿಯಲ್ಲಿ ಒಂದೆರಡು ಗಂಟು ಮಾತ್ರ ಇದ್ದರೆ ಅದನ್ನೂ ಆಪರೇಷನ್ ಮಾಡಿ ತೆಗೆಯುವುದುಂಟು. ಹಾಗೆ ಗುಣವಾದವರೂ ಇದ್ದಾರೆ. ಗುಣವಾಗದ ಕಾಯಿಲೆಯಲ್ಲೂ ನೋವಿಗೆ ಮಾತ್ರೆ ಇದೆ. ನೋವಿಲ್ಲದೆ ಇರುವುದು ರೋಗಿಯ ಹಕ್ಕು. ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ.

ಹಣಕ್ಕೇನು ಮಾಡೋದು?

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಸರ್ಕಾರದ್ದು. ಅಲ್ಲಿ 1973ರಿಂದ ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತಿದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಶುರುವಾಯಿತು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಇದರಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ. ಒಡವೆ ಅಡ ಇಡುವ ಮುಂಚೆ ಯೋಜನೆಯ ವಿಷಯ ಕೇಳಿ.

ಸಹಿ ಹಾಕುವ ಮುಂಚೆ

ಹೆಬ್ಬೆಟ್ಟು ಒತ್ತುವ ಕಾಲ ನಮ್ಮ ಪಾಲಿಗೆ ಮುಗಿಯಿತು. ಆಪರೇಷನ್ನಿಗೆ ಮೊದಲು ಆಸ್ಪತ್ರೆಯವರು ಒಪ್ಪಿಗೆ ಪತ್ರ ಕೊಡುತ್ತಾರೆ. ಅದನ್ನು ಓದಿ. ಅರ್ಥವಾಗದಿದ್ದರೆ "ಡಾಕ್ಟ್ರೇ, ಇದನ್ನ ಕನ್ನಡದಲ್ಲಿ ಬಿಡಿಸಿ ಹೇಳಿ" ಅನ್ನಿ. ಈ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ಕಾಯಿಲೆ ಎಷ್ಟನೇ ಹಂತದಲ್ಲಿದೆ?
2. ಈ ಚಿಕಿತ್ಸೆ ಪೂರ್ತಿ ಗುಣಕ್ಕೋ, ನೋವು ಕಡಿಮೆ ಮಾಡುವುದಕ್ಕೋ?
3. ಚೀಲ ಬೇಕಾಗುತ್ತದೆಯೇ? ಎಷ್ಟು ಕಾಲ?
4. ಏನೇನು ತೊಂದರೆ ಬರಬಹುದು?
5. ಮತ್ತೆ ಯಾವಾಗ ಬರಬೇಕು?

ಗುಣವಾದ ಮೇಲೂ ಐದು ವರ್ಷ ಹೇಳಿದ ದಿನಕ್ಕೆ ತೋರಿಸಬೇಕು. ಹೊಲದ ಕೆಲಸ ಇದೆ, ನಾಟಿ ಇದೆ ಅಂತ ನಡುವೆ ಬಿಡಬಾರದು. ರೋಗಿಯ ಒಡಹುಟ್ಟಿದವರೂ ಮಕ್ಕಳೂ ತಮಗೆ ಪರೀಕ್ಷೆ ಯಾವಾಗ ಬೇಕು ಅಂತ ಡಾಕ್ಟರನ್ನು ಕೇಳಬೇಕು.

ಓದಿ, ಚರ್ಚಿಸಿ, ಬರೆಯಿರಿ

1. ದೊಡ್ಡ ಕರುಳು ಸುಮಾರು ______ ಅಡಿ ಉದ್ದ.
2. ಮಲದಲ್ಲಿ ರಕ್ತ ಕಂಡರೆ ನಾವು ಏನು ಮಾಡಬೇಕು?
3. ಚೀಲಕ್ಕೆ ಹೆದರಿ ಆಪರೇಷನ್ ಬೇಡ ಅನ್ನುವ ಅಕ್ಕನಿಗೆ ನೀವು ಏನು ಹೇಳುತ್ತೀರಿ?
4. ಡಾಕ್ಟರನ್ನು ಕೇಳಬೇಕಾದ ಐದು ಪ್ರಶ್ನೆಗಳನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.